ಬಿಸಿಲು ಕೂಡಿಡುವ ಮನೆ

ಆರಿದ್ರ ಮಳೆ ಹಿಡಿದು ಒಂಬತ್ತು ದಿನವಾಗಿತ್ತು. ಹಗ್ಗದ ಮೇಲಿನ ಬಟ್ಟೆ ಒಣಗದೆ ಮುಗ್ಗಲು ಹಿಡಿದಿತ್ತು. ಉಪ್ಪಿನ ಮರಿಗೆಯಲ್ಲಿ ನೀರು ನಿಂತಿತ್ತು. ಬೆಂಕಿಪೊಟ್ಟಣ ಒಲೆಯ ಪಕ್ಕದ ಗೂಡು ಬಿಟ್ಟು ಕದಲಿದರೆ ಕಡ್ಡಿ ಗೀರಿದರೂ ಹತ್ತುತ್ತಿರಲಿಲ್ಲ. ಸಂಜೆ ಐದಕ್ಕೇ ಕತ್ತಲು ಕವಿದಾಗ ಅಮ್ಮಮ್ಮ ಅಟ್ಟ ಹತ್ತಿ ತಗಡಿನ ಡಬ್ಬಿಯೊಂದನ್ನು ಇಳಿಸುತ್ತಿದ್ದಳು. ಮುಚ್ಚಳ ತೆಗೆದು ನಾಲ್ಕು ಹಲಸಿನ ಹಪ್ಪಳ ಕೈಗೆತ್ತಿಕೊಂಡು, ಗಾಳಿ ತಾಗದಂತೆ ತಕ್ಷಣ ಮುಚ್ಚಿಬಿಡುತ್ತಿದ್ದಳು. ಕೆಂಡದ ಮೇಲೆ ಇಟ್ಟ ಹಪ್ಪಳ ಚಟಚಟ ಎಂದು ಅರಳುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲನ್ನು ಜುಲೈ ತಿಂಗಳ ಕತ್ತಲಲ್ಲಿ ನಾವು ತಿನ್ನುತ್ತಿದ್ದೆವು.

ಮಲೆನಾಡೆಂದರೆ ಮಳೆ ಎಂದೇ ಎಲ್ಲರೂ ಬರೆಯುತ್ತಾರೆ. ಹೊಸನಗರ ತಾಲ್ಲೂಕಿನ ಒಂದು ಕಣಿವೆಯ ಮನೆಯಲ್ಲಿ ಬೆಳೆದ ನನಗೆ ಹಾಗನ್ನಿಸುವುದಿಲ್ಲ. ಮಳೆ ತಾನಾಗಿ ಬರುತ್ತದೆ, ಅದಕ್ಕಾಗಿ ಯಾರೂ ದುಡಿಯಬೇಕಿಲ್ಲ. ಮನೆಮಂದಿಯೆಲ್ಲ ವರ್ಷವಿಡೀ ದುಡಿಯುತ್ತಿದ್ದುದು ಬಿಸಿಲಿಗಾಗಿ. ಅದು ಇದ್ದಾಗ ಹಿಡಿದು, ಕಟ್ಟಿ, ಅಟ್ಟಕ್ಕೇರಿಸಿ, ಇಲ್ಲದ ನಾಲ್ಕು ತಿಂಗಳಿಗೆ ಒದಗಿಸಿಕೊಳ್ಳುವುದೇ ಬೆಟ್ಟದ ಮನೆಯ ಸಂಸಾರ. ಯಾರು ಯಾವಾಗ ಯಾವ ಕೆಲಸ ಮಾಡಬೇಕೆಂಬುದೆಲ್ಲ ಈ ಒಂದು ಲೆಕ್ಕದಿಂದ ಹುಟ್ಟಿದ್ದು. ಆ ಲೆಕ್ಕದ ಹಿಂದೆ ಗಟ್ಟಿಯಾದ ವಿಜ್ಞಾನವಿದೆ.

ಗಾಳಿಯ ಬಾಯಾರಿಕೆ

ಅರಬ್ಬೀ ಸಮುದ್ರದ ಮೇಲಿಂದ ಬರುವ ಮುಂಗಾರಿನ ಗಾಳಿ ಕರಾವಳಿಯ ಬಯಲನ್ನು ದಾಟಿದೊಡನೆ ಘಟ್ಟದ ಗೋಡೆಗೆ ಎದುರಾಗುತ್ತದೆ. ಮುಂದೆ ದಾರಿಯಿಲ್ಲದೆ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನೊಳಗಿನ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸಿಬಿಡುತ್ತದೆ. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಇರುವ ಶಿವಮೊಗ್ಗ ಪಟ್ಟಣಕ್ಕೆ ಅದರ ಆರನೇ ಒಂದು ಭಾಗವೂ ಬರುವುದಿಲ್ಲ. ಗಾಳಿ ಅಷ್ಟರೊಳಗೆ ಹೊರೆ ಇಳಿಸಿ ಹಗುರಾಗಿರುತ್ತದೆ.

ಮಳೆಯ ಈ ಕತೆ ಶಾಲೆಯ ಪುಸ್ತಕದಲ್ಲೂ ಇದೆ. ಮನೆಯೊಳಗಿನವರಿಗೆ ಬೇಕಾದದ್ದು ಬೇರೊಂದು ಲೆಕ್ಕ: ಈಗಿನ ಗಾಳಿ ಇನ್ನೆಷ್ಟು ನೀರು ಕುಡಿಯಬಲ್ಲದು? ಮಾರ್ಚ್ ತಿಂಗಳ ಒಂದು ಮಧ್ಯಾಹ್ನ 35 ಡಿಗ್ರಿ ಬಿಸಿಲಿದೆ, ಸಾಪೇಕ್ಷ ಆರ್ದ್ರತೆ ಶೇ. 40 ಎಂದಿಟ್ಟುಕೊಳ್ಳೋಣ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 40 ಗ್ರಾಂ ನೀರಾವಿಯನ್ನು ಹೊರಬಲ್ಲದು. ಈಗ ಅದರಲ್ಲಿರುವುದು 16 ಗ್ರಾಂ. ಇನ್ನೂ 24 ಗ್ರಾಂಗೆ ಜಾಗವಿದೆ. ಅಂಗಳದಲ್ಲಿ ಹರಡಿದ ಏನೇ ಇರಲಿ, ಅದರ ನೀರನ್ನು ಈ ಗಾಳಿ ಆಸೆಯಿಂದ ಹೀರುತ್ತದೆ. ಜುಲೈ ತಿಂಗಳಲ್ಲಿ 22 ಡಿಗ್ರಿ, ಆರ್ದ್ರತೆ ಶೇ. 95. ಆ ತಂಪಿನಲ್ಲಿ ಗಾಳಿ ಹೊರಬಲ್ಲದ್ದೇ 19 ಗ್ರಾಂ ಚಿಲ್ಲರೆ, ಅದರಲ್ಲಿ 18 ಆಗಲೇ ತುಂಬಿದೆ. ಉಳಿದ ಜಾಗ ಒಂದೇ ಒಂದು ಗ್ರಾಂ. ಮಾರ್ಚಿನ ಗಾಳಿಗೂ ಜುಲೈ ಗಾಳಿಗೂ ಬಾಯಾರಿಕೆಯಲ್ಲಿ ಇಪ್ಪತ್ತನಾಲ್ಕು ಪಟ್ಟು ವ್ಯತ್ಯಾಸ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಇರುವುದಕ್ಕೆ ಇಷ್ಟೇ ಕಾರಣ.

ನಮ್ಮ ಮನೆಯಲ್ಲಿ ಆರ್ದ್ರತೆ ಅಳೆಯುವ ಉಪಕರಣ ಇರಲಿಲ್ಲ, ಉಪ್ಪಿನ ಮರಿಗೆ ಇತ್ತು. ಗಾಳಿಯ ಆರ್ದ್ರತೆ ಶೇ. 75 ದಾಟಿದಾಗ ಉಪ್ಪಿನ ಹರಳು ಗಾಳಿಯಿಂದಲೇ ನೀರೆಳೆದು ಕರಗತೊಡಗುತ್ತದೆ. ‘ಉಪ್ಪು ನೀರೊಡೆಯಿತು’ ಎಂದು ಅಮ್ಮಮ್ಮ ಹೇಳಿದಳೆಂದರೆ ಇನ್ನು ಅಂಗಳದಲ್ಲಿ ಏನನ್ನೂ ಒಣಗಿಸುವಂತಿಲ್ಲ ಎಂದರ್ಥ. ಪ್ರಯೋಗಾಲಯದಲ್ಲಿ ಕಂಡುಕೊಂಡ ಅಂಕಿಯೊಂದನ್ನು ಅವಳು ಬೆರಳಿನಿಂದ ಮುಟ್ಟಿ ತಿಳಿಯುತ್ತಿದ್ದಳು.

ನೆರಳಿಲ್ಲದ ಮಧ್ಯಾಹ್ನ

ಶಿವರಾತ್ರಿ ಕಳೆಯುತ್ತಲೇ ಮನೆಯ ನಡಿಗೆ ಬದಲಾಗುತ್ತಿತ್ತು. ಅಪ್ಪಯ್ಯ ಮತ್ತು ಚಿಕ್ಕಪ್ಪ ಬೆಟ್ಟದಿಂದ ದರಗು ಗುಡಿಸಿ ತರುವ, ಸೌದೆ ಸೀಳಿ ಒಟ್ಟುವ ಕೆಲಸಕ್ಕೆ ಇಳಿಯುತ್ತಿದ್ದರು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಹಾಗೆಯೇ ಒಲೆಗಿಟ್ಟರೆ ಬೆಂಕಿಯ ಶಾಖವೆಲ್ಲ ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಬೇಸಿಗೆಯಲ್ಲಿ ಸೀಳಿ ಹರಡಿದ ಸೌದೆಯ ನೀರನ್ನು ಬಿಸಿಲು ಮೊದಲೇ ತೆಗೆದುಬಿಟ್ಟಿರುತ್ತದೆ. ಒಣಸೌದೆ ಉರಿಯುವಾಗ ನಮಗೆ ಸಿಗುವುದು ಮರ ಎಂದೋ ಹಿಡಿದಿಟ್ಟ ಬಿಸಿಲು. ಆ ಬಿಸಿಲಿನ ಕೀಲಿ ತೆರೆಯುವುದು ಈ ವರ್ಷದ ಬಿಸಿಲು. ಕೊಟ್ಟಿಗೆಯ ಮೂಲೆಗೆ ತುಂಬಿದ ದರಗಿನ ಕತೆಯೂ ಅದೇ. ಮಳೆಗಾಲದಲ್ಲಿ ದನಗಳ ಕಾಲಡಿಗೆ ಹಾಸಿದಾಗ ಒದ್ದೆಯನ್ನೆಲ್ಲ ಹೀರಿ, ಗೊಬ್ಬರವಾಗಿ, ಮತ್ತೆ ತೋಟಕ್ಕೆ ಹೋಗುತ್ತದೆ.

ಅದೇ ಹೊತ್ತಿಗೆ ಹೊಳೆದಂಡೆಯ ಮರಗಳಿಂದ ಅಪ್ಪೆಮಿಡಿ ಬರುತ್ತಿತ್ತು. ಅದನ್ನು ಅಮ್ಮಮ್ಮನೂ ದೊಡ್ಡಮ್ಮನೂ ಭರಣಿಯಲ್ಲಿ ಪದರ ಪದರವಾಗಿ ಉಪ್ಪಿನ ಜೊತೆ ತುಂಬುತ್ತಿದ್ದರು. ನೀರು ಹಾಕುತ್ತಿರಲಿಲ್ಲ. ಆದರೂ ಕೆಲವು ದಿನಗಳಲ್ಲಿ ಮಿಡಿಗಳು ಸುಕ್ಕಾಗಿ, ಭರಣಿಯಲ್ಲಿ ನೀರು ತುಂಬಿರುತ್ತಿತ್ತು. ಅದು ಮಿಡಿಯ ಒಡಲಿನದೇ ನೀರು. ಜೀವಕೋಶದ ಪೊರೆಯ ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಪೊರೆ ದಾಟಿ ಹೊರಬರುತ್ತದೆ. ಇದನ್ನು ಪರಾಸರಣ ಎನ್ನುತ್ತೇವೆ. ಉಪ್ಪು ಕರಗುವಷ್ಟು ಕರಗಿದ ನೀರಿನಲ್ಲಿ ಸೂಕ್ಷ್ಮಜೀವಿಗಳ ಬಳಕೆಗೆ ಸಿಗುವ ನೀರಿನ ಪ್ರಮಾಣ ಶೇ. 75ಕ್ಕೆ ಇಳಿಯುತ್ತದೆ. ಉಪ್ಪಿನ ಮರಿಗೆ ನೀರೊಡೆಯುವ ಅಂಕಿಯೂ ಇದೇ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಶೇ. 90 ಆದರೂ ಬೇಕು. ಭರಣಿಯ ತುಂಬ ದ್ರವವಿದ್ದರೂ ಅವುಗಳ ಪಾಲಿಗೆ ಅದು ಮರುಭೂಮಿ. ಬಿಸಿಲಿಲ್ಲದೆ ಒಣಗಿಸುವ ಉಪಾಯವಿದು.

ಹಪ್ಪಳದ ಸರದಿ ಏಪ್ರಿಲ್‌ನಲ್ಲಿ. ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅಂಗಳದಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ಚದರ ಮೀಟರ್ ಅಂಗಳಕ್ಕೆ ಬೀಳುವ ಬಿಸಿಲು ಹತ್ತಿರ ಹತ್ತಿರ ಒಂದು ಕಿಲೋವಾಟ್. ಅದಷ್ಟೂ ನೀರನ್ನು ಆವಿ ಮಾಡಲು ಬಳಕೆಯಾದರೆ ಗಂಟೆಗೆ ಸುಮಾರು ಒಂದೂವರೆ ಲೀಟರ್ ನೀರು ಹೋಗುತ್ತದೆ. ಸೂರ್ಯ ಮತ್ತೊಮ್ಮೆ ನಮ್ಮ ನೆತ್ತಿಗೆ ಬರುವುದು ಆಗಸ್ಟ್ ನಡುವಿನಲ್ಲಿ. ಆಗ ಮೋಡದ ಹಿಂದಿರುವ ಅವನನ್ನು ಯಾರೂ ನೋಡುವುದಿಲ್ಲ. ನೆತ್ತಿಯ ಮೇಲಿನ ಈ ಎರಡು ಬಿಸಿಲಿನಲ್ಲಿ ಬೆಟ್ಟದ ಮನೆಗೆ ದಕ್ಕುವುದು ಏಪ್ರಿಲ್‌ನದೊಂದೇ.

ಬಲಿತ, ಆದರೆ ಹಣ್ಣಾಗದ ಹಲಸಿನ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಒರಳಲ್ಲಿ ಕುಟ್ಟಿ, ಉಪ್ಪು ಖಾರ ಬೆರೆಸಿ ಉಂಡೆ ಕಟ್ಟಬೇಕು. ಅಕ್ಕಪಕ್ಕದ ಮನೆಯ ಹೆಂಗಸರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ನಮ್ಮ ಮನೆ, ನಾಳೆ ಅವರ ಮನೆ. ಎಣ್ಣೆ ಸವರಿದ ಬಾಳೆಲೆಗಳ ನಡುವೆ ಉಂಡೆಯಿಟ್ಟು ಮಣೆಯಿಂದ ಒತ್ತುವಾಗ ಒಂದೇ ಒಂದು ಹಪ್ಪಳ ದಪ್ಪವಾದರೂ ಅಮ್ಮಮ್ಮ ಮತ್ತೆ ಒತ್ತಿಸುತ್ತಿದ್ದಳು. ಒಳಗಿನ ನೀರು ಮೇಲ್ಮೈಗೆ ಬರುವ ಹೊತ್ತು ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಎರಡರಷ್ಟಾದರೆ ಒಣಗುವ ಹೊತ್ತು ನಾಲ್ಕರಷ್ಟಾಗುತ್ತದೆ. ತೆಳುವಾದದ್ದು ಸಂಜೆಯೊಳಗೆ ಒಣಗಿದರೆ ದಪ್ಪನೆಯದು ನಡುವೆ ಹಸಿ ಉಳಿದು ಬೂಸ್ಟು ಹಿಡಿಯುತ್ತದೆ, ಡಬ್ಬಿಯ ಉಳಿದವಕ್ಕೂ ಹಬ್ಬಿಸುತ್ತದೆ.

ಅಂಗಳದಲ್ಲಿ ದೊಡ್ಡ ದೊಡ್ಡ ಚಾಪೆ ಹಾಸಿ ಹಪ್ಪಳ ಹರಡಿದ ಮೇಲೆ ಕಾಗೆ ಓಡಿಸುವುದು ಮಕ್ಕಳಾದ ನಮ್ಮ ಕೆಲಸ. ನಾಲ್ಕು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಗುಡುಗಿದರೆ ಒಳಗಿನಿಂದ ಕೂಗು ಬರುತ್ತಿತ್ತು: “ಮೋಡ ಆತು, ಹಪ್ಪಳ ಒಳಗೆ ತಗಳ್ರೋ!” ಚಾಪೆಯ ಒಂದೊಂದು ಮೂಲೆಗೆ ಒಬ್ಬೊಬ್ಬರು. ನಾಲ್ವರು ಒಟ್ಟಿಗೆ ಎತ್ತಿದರೆ ಒಂದು ಹಪ್ಪಳವೂ ಜಾರದಂತೆ ಚಾಪೆ ಜಗಲಿ ಸೇರುತ್ತಿತ್ತು.

ನಕ್ಷತ್ರದ ಗಡುವು

ಈ ಎಲ್ಲ ಕೆಲಸಗಳಿಗೂ ಗಡುವು ಇತ್ತು. ಅದನ್ನು ಹೇಳುತ್ತಿದ್ದುದು ಮಳೆನಕ್ಷತ್ರ. ಸೂರ್ಯ ಆಕಾಶದ ಇಪ್ಪತ್ತೇಳು ನಕ್ಷತ್ರಗಳನ್ನು ವರ್ಷಕ್ಕೊಮ್ಮೆ ಸುತ್ತಿ ಬರುವಂತೆ ಕಾಣುತ್ತಾನೆ, ಒಂದೊಂದರಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ ಮೊದಲ ವಾರ ಕಳೆದು ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರ. ಕೃತ್ತಿಕೆ ಮುಗಿಯುವುದರೊಳಗೆ ಹಪ್ಪಳ ಡಬ್ಬಿ ಸೇರಬೇಕು, ರೋಹಿಣಿಯೊಳಗೆ ಗೋಡೆಗೆ ಸೋಗೆಯ ತಟ್ಟಿ ಕಟ್ಟಿ ಮುಗಿಸಬೇಕು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂಬ ಗಾದೆಯಲ್ಲಿ ಮಳೆಯೂ ಮನೆಯೂ ಒಂದೇ ಉಸಿರಿನಲ್ಲಿ ಬರುತ್ತವೆ.

‘ಈಗ ನಕ್ಷತ್ರವೇ ತಪ್ಪಿದೆ’ ಎಂದು ಊರಿನ ಹಿರಿಯರು ಹೇಳುತ್ತಾರೆ. ಈ ಮಾತನ್ನು ತೂಗಿ ನೋಡಬೇಕು. ನಕ್ಷತ್ರದ ಪಂಚಾಂಗ ನಿಜಕ್ಕೂ ಜಾರುತ್ತಿದೆ. ಭೂಮಿಯ ಅಕ್ಷ ತಿರುಗುವ ಬುಗುರಿಯ ಹಾಗೆ ನಿಧಾನವಾಗಿ ಓಲಾಡುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಇದರಿಂದಾಗಿ ನಕ್ಷತ್ರಗಳನ್ನು ನೋಡಿ ಎಣಿಸುವ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಉತ್ತರಾಯಣ ಡಿಸೆಂಬರ್ 22ರ ಸುಮಾರಿಗೇ ಶುರುವಾದರೂ ಸಂಕ್ರಾಂತಿಯನ್ನು ನಾವು ಜನವರಿ ನಡುವಿನಲ್ಲಿ ಮಾಡುವುದು ಈ ಜಾರುವಿಕೆ ಶತಮಾನಗಳಿಂದ ಕೂಡಿಬಂದುದರಿಂದ. ಆದರೆ ಇದರ ವೇಗ 72 ವರ್ಷಕ್ಕೆ ಒಂದು ದಿನ ಮಾತ್ರ. ಮುತ್ತಜ್ಜನ ಕಾಲಕ್ಕೂ ಇಂದಿಗೂ ಎರಡು ದಿನದ ಅಂತರವೂ ಬರುವುದಿಲ್ಲ. ಒಂದೇ ಆಯುಸ್ಸಿನಲ್ಲಿ ವಾರಗಟ್ಟಲೆ ವ್ಯತ್ಯಾಸ ಕಂಡಿದ್ದರೆ ನಕ್ಷತ್ರವನ್ನು ದೂರುವಂತಿಲ್ಲ. ಬದಲಾಗಿರುವುದು ಗಾಳಿ ಮತ್ತು ಕಡಲು.

ಅಟ್ಟದ ಮೇಲಿನ ಮಾರ್ಚ್ ತಿಂಗಳು

ಮಳೆ ಹಿಡಿದ ಮೇಲೆ ಮನೆಯ ಸಂಸಾರವೆಲ್ಲ ಬೆಂಕಿಯ ಸುತ್ತ ಸೇರುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬೆಂಕಿ ಹಾಕಿ ಮೈ ಕಾಯಿಸಿಕೊಳ್ಳುವ, ಬಟ್ಟೆ-ಕಂಬಳಿ ಒಣಗಿಸುವ ಜಾಗಕ್ಕೆ ಹೊಡಚಲು ಎನ್ನುತ್ತೇವೆ. ಅದರ ವಿಜ್ಞಾನ ಸರಳ. ಹೊರಗಿನ 22 ಡಿಗ್ರಿಯ ಒದ್ದೆ ಗಾಳಿಯಲ್ಲಿ ಘನ ಮೀಟರಿಗೆ 18 ಗ್ರಾಂ ನೀರಾವಿ ಇತ್ತಷ್ಟೆ. ಬೆಂಕಿಯ ಮೇಲೆ ಅದು 40 ಡಿಗ್ರಿಗೆ ಕಾದರೆ ಹೊರಬಲ್ಲ ಪ್ರಮಾಣ 51 ಗ್ರಾಂಗೆ ಏರುತ್ತದೆ. ಒಂದು ಹನಿ ನೀರನ್ನೂ ಕಳೆದುಕೊಳ್ಳದೆ ಅದೇ ಗಾಳಿಯ ಆರ್ದ್ರತೆ ಶೇ. 95ರಿಂದ 35ರ ಆಸುಪಾಸಿಗೆ ಇಳಿಯುತ್ತದೆ. ಹೊರಗೆ ಆರಿದ್ರ ಸುರಿಯುತ್ತಿದ್ದರೂ ಒಲೆಯ ಮೇಲಿನ ಅಟ್ಟದಲ್ಲಿ ಸದಾ ಮಾರ್ಚ್ ತಿಂಗಳು. ಬಿತ್ತನೆಯ ಬೀಜ, ಹುಣಸೆ, ವಾಟೆಹುಳಿ, ಹಪ್ಪಳದ ಡಬ್ಬಿ ಎಲ್ಲವೂ ಅಲ್ಲೇ ಇರುತ್ತಿದ್ದುದು ಇದಕ್ಕೇ. ಜೊತೆಗೆ ಹೊಗೆಯಲ್ಲಿರುವ ಫೀನಾಲ್ ಮೊದಲಾದ ರಾಸಾಯನಿಕಗಳು ಬೂಸ್ಟನ್ನೂ ಹುಳವನ್ನೂ ದೂರವಿಡುತ್ತಿದ್ದವು. ಹೊಗೆ ಕುಡಿದು ಕಪ್ಪಾದ ಬಿದಿರಿನ ಗಳಕ್ಕೆ ಕುಟ್ಟೆ ಹಿಡಿಯುತ್ತಿರಲಿಲ್ಲ.

ಅದೇ ಹೊಗೆಯನ್ನು ಅಮ್ಮಮ್ಮನೂ ಅಮ್ಮನೂ ಕುಡಿದರು. ಅಟ್ಟದ ಬೀಜವನ್ನು ಕಾಪಾಡಿದ ಹೊಗೆ ಅವರ ಕಣ್ಣು ಮತ್ತು ಶ್ವಾಸಕೋಶವನ್ನು ಸವೆಸಿತು. ಬಿಸಿಲು ಕೂಡಿಡುವ ಈ ವ್ಯವಸ್ಥೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ಹೆಂಗಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಹಳ್ಳಿಯ ಒಲೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡದ್ದು ದೊಡ್ಡ ಸಂಗತಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಅಡುಗೆ ಮುಗಿಸಿ, ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆ ಕಳಿಸಿತು. ಅಟ್ಟಕ್ಕೆ ಹೊಗೆ ತಪ್ಪಿತು, ನಿಜ. ಅಡುಗೆಮನೆಯಲ್ಲಿ ಉಸಿರು ಸಲೀಸಾದದ್ದರ ಮುಂದೆ ಅದು ನಷ್ಟವೇ ಅಲ್ಲ.

ನೀರಿನಲ್ಲಿ ಈಜುವ ರೋಗ

ಮನೆಯೊಳಗೆ ಹೆಂಗಸರು ಒದ್ದೆಯೊಡನೆ ಹೋರಾಡುವಾಗ ತೋಟದಲ್ಲಿ ಗಂಡಸರದು ಅದೇ ಹೋರಾಟ. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಶಿಲೀಂಧ್ರದಂತೆ ಕಂಡರೂ ವಂಶದಲ್ಲಿ ಅದು ಕಂದು ಪಾಚಿಗಳ ನೆಂಟ. ಅದರ ಬೀಜಕಣಗಳಿಗೆ ಎರಡೆರಡು ಚಾವಟಿಯಂಥ ಬಾಲಗಳಿವೆ. ಕಾಯಿಯ ಮೇಲಿನ ತೆಳ್ಳನೆಯ ನೀರಿನ ಪದರದಲ್ಲಿ ಅವು ಈಜಿಕೊಂಡು ಹೋಗಿ ತೊಟ್ಟಿನ ಬಳಿ ಒಳಹೊಗುತ್ತವೆ. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಅವುಗಳಿಗೆ ದಾರಿಯಿಲ್ಲ. ಹಿಂದಿನವರು ಗೊನೆಗೆ ಕರಡದ ಕೊಟ್ಟೆ ಕಟ್ಟುತ್ತಿದ್ದುದು ಅದಕ್ಕೇ. ಗೊನೆಗೊಂದು ಕೊಡೆ ಹಿಡಿದಂತೆ.

ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ 1885ರ ಸುಮಾರಿಗೆ ದ್ರಾಕ್ಷಿಯ ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಬಳಕೆಗೆ ತಂದರು. ದ್ರಾಕ್ಷಿಯ ಆ ರೋಗಾಣುವೂ ಇದೇ ಬಳಗದ್ದು. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣವೆಂದು ಹೆಸರಾದ ಆ ಮಿಶ್ರಣವನ್ನು ಮಲೆನಾಡಿನ ಅಡಿಕೆ ಮರದ ತುದಿಗೆ ಏರಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಇಂದಿಗೂ ಪ್ರತಿ ಮನೆಯಲ್ಲೂ ಬಾಯಿಪಾಠ. ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು ಅದಾಗಿ ನಲವತ್ತು-ನಲವತ್ತೈದು ದಿನಕ್ಕೆ, ಮಳೆ ಹೊಳವಾದಾಗ. ನಡುಮಳೆಗಾಲದ ಆ ಎರಡು ದಿನದ ಹೊಳವಿಗಾಗಿ ಅಪ್ಪಯ್ಯ ಮತ್ತು ಕೊನೆಗಾರ ಇಬ್ಬರೂ ಆಕಾಶ ನೋಡುತ್ತ ಜಗಲಿಯಲ್ಲಿ ಕಾದದ್ದನ್ನು ನಾನು ಕಂಡಿದ್ದೇನೆ.

ಮಂಜು ಕರಗುವ ತನಕ

ದೀಪಾವಳಿಯ ಆಸುಪಾಸಿಗೆ ಎರಡನೆಯ ಬಿಸಿಲು ಬರುತ್ತದೆ. ಇದು ಅಡಿಕೆಯ ಬಿಸಿಲು. ಹಗಲು ಕೊನೆ ಇಳಿಸಿ, ರಾತ್ರಿ ಮನೆಮಂದಿ, ನೆರೆಯವರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವರು. ಮುಂಜಾನೆ ಹಂಡೆಯಲ್ಲಿ ಬೇಯಿಸಿ, ಚೊಗರು ಕೂಡಿಸಿ, ಬಿಸಿಲಿಗೆ ಹರಡುವರು. ಚಳಿಗಾಲದ ಬಿಸಿಲಿಗೆ ಏಪ್ರಿಲ್‌ನ ಖಾರವಿಲ್ಲ. ಡಿಸೆಂಬರಿನಲ್ಲಿ ನಡುಮಧ್ಯಾಹ್ನದ ಸೂರ್ಯನೂ ನಮ್ಮಲ್ಲಿ ಸುಮಾರು 53 ಡಿಗ್ರಿಯಷ್ಟೇ ಮೇಲೇರುತ್ತಾನೆ.

ಕಣಿವೆಯ ಮನೆಗೆ ಇನ್ನೊಂದು ಕಷ್ಟವಿದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿ ತಣಿದು, ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು ಕಣಿವೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ಅದರ ನೀರಾವಿ ಮಂಜಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಏಳಕ್ಕೇ ಬಿಸಿಲು ಹೊಡೆಯುವಾಗ ನಮ್ಮ ಅಂಗಳ ಒಂಬತ್ತರ ತನಕ ಬೆಳ್ಳಗಿರುತ್ತಿತ್ತು. ಅಡಿಕೆಯನ್ನು ನೆಲದ ಮೇಲೆ ಹರಡದೆ ಎತ್ತರದ ಚಪ್ಪರಕ್ಕೆ ಏರಿಸುವುದರಲ್ಲಿ ಈ ಅರಿವಿದೆ. ನೆಲದ ಥಂಡಿಯಿಂದ ದೂರ, ಮಂಜು ಬೇಗ ಕರಗುವ ಎತ್ತರದಲ್ಲಿ, ಕೆಳಗಿನಿಂದಲೂ ಗಾಳಿಯಾಡುವಂತೆ.

ಲೆಕ್ಕ ತಪ್ಪಿದ ಬಿಸಿಲು

2021ರ ನವೆಂಬರಿನಲ್ಲಿ ಈ ಎರಡನೆಯ ಬಿಸಿಲೇ ಬರಲಿಲ್ಲ. ಅಡಿಕೆ ಚಪ್ಪರದ ಮೇಲಿದ್ದಾಗ, ಭತ್ತ ಗದ್ದೆಯಲ್ಲಿ ಒರಗಿದ್ದಾಗ, ಕಾಫಿ ಹಣ್ಣಾಗಿದ್ದಾಗ ದಿನಗಟ್ಟಲೆ ಮಳೆ ಸುರಿಯಿತು. ಬೇಯಿಸಿದ ಅಡಿಕೆಗೆ ಕಣ್ಣೆದುರೇ ಬೂಸ್ಟು ಬಂತು. ಒಂದು ವರ್ಷದ ಘಟನೆಯಿಂದ ಹವಾಮಾನದ ಬಗ್ಗೆ ತೀರ್ಮಾನ ಮಾಡಬಾರದು, ಅದಕ್ಕೆ ದಶಕಗಳ ದಾಖಲೆ ಬೇಕು. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿ ಅಂಥ ದಾಖಲೆಗಳನ್ನು ಒಟ್ಟುಗೂಡಿಸಿದೆ. 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6 ಇಳಿದಿದೆ, ಹೆಚ್ಚು ಇಳಿದ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಮಳೆಗಾಲದ ನಡುವಿನ ಒಣದಿನಗಳು ಹೆಚ್ಚಿವೆ, ಮಳೆ ಬಂದಾಗ ಅದರ ಬಿರುಸೂ ಹೆಚ್ಚಿದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಅದಕ್ಕೆ ಹೀರುವಾಗಲೂ ಆಸೆ ಹೆಚ್ಚು, ಸುರಿಸುವಾಗಲೂ ರಭಸ ಹೆಚ್ಚು.

ಬೆಟ್ಟದ ಜನ ಸುಮ್ಮನೆ ಕೂತಿಲ್ಲ. ಪಾರದರ್ಶಕ ಹಾಳೆ ಹೊದಿಸಿದ ಡೇರೆಯಂಥ ಸೋಲಾರ್ ಡ್ರೈಯರ್‌ಗಳು ಅಂಗಳಗಳಲ್ಲಿ ಎದ್ದಿವೆ. ಬಿಸಿಲನ್ನು ಒಳಬಿಟ್ಟು ಮಳೆಯನ್ನು ಹೊರಗಿಟ್ಟು, ಒಳಗಿನ ಗಾಳಿಯನ್ನು ಕಾಯಿಸುವ ಇವು ಹೊಗೆಯಿಲ್ಲದ ಹೊಡಚಲುಗಳೇ. ಸುಲಿಯಲು ಯಂತ್ರ ಬಂದಿದೆ, ಮಳೆಯ ಮುನ್ಸೂಚನೆ ಮೊಬೈಲಿನಲ್ಲಿದೆ. ಇವು ಒಳ್ಳೆಯ ಬದಲಾವಣೆಗಳು, ಇನ್ನಷ್ಟು ಅಗ್ಗವಾಗಿ ಸಣ್ಣ ಹಿಡುವಳಿಯವರಿಗೂ ದಕ್ಕಬೇಕು.

ಆದರೆ ಬಿಸಿಲು ಕೂಡಿಡುವ ಯಂತ್ರದ ಮುಖ್ಯ ಭಾಗ ಮನೆಮಂದಿ. ನಮ್ಮ ಕಣಿವೆಯ ಮನೆಗಳಲ್ಲಿ ಈಗ ಹೆಚ್ಚಾಗಿ ಇಬ್ಬರು ಹಿರಿಯರು ಮಾತ್ರ ಇದ್ದಾರೆ. ಮಕ್ಕಳು ನನ್ನ ಹಾಗೆ ಬೆಂಗಳೂರಿನಲ್ಲಿದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಮ್ಮ ಹಪ್ಪಳ ಒತ್ತಿದ್ದಳು. ನೆತ್ತಿಯ ಮೇಲೆ ಅದೇ ಸೂರ್ಯ, ಅಂಗಳಕ್ಕೆ ಅದೇ ಬಿಸಿಲು. ಅಂಗಳದಲ್ಲಿ ಚಾಪೆ ಇರಲಿಲ್ಲ. ಹಪ್ಪಳಗಳನ್ನು ಅವಳು ಏಳೆಂಟು ಮೊರಗಳಲ್ಲಿ ಹರಡಿಟ್ಟಿದ್ದಳು. ಯಾಕೆಂದು ಕೇಳಿದೆ. ಗುಡುಗಿದರೆ ಮೊರವನ್ನು ಒಬ್ಬಳೇ ಎತ್ತಬಹುದು, ಚಾಪೆಗೆ ನಾಲ್ಕು ಜನ ಬೇಕು ಎಂದಳು.